ಚಪ್ಪಟೆಹುಳುಗಳ ನಮಸ್ಕಾರ

ಕೊಯ್ದರೂ ಮತ್ತೆ ಬೆಳೆಯುವ ಚಪ್ಪಟೆಹುಳುಗಳನ್ನು ಸಾಕಿ, ಜೀವವಿಜ್ಞಾನಿ ಮಂದಾಕಿನಿ ಹರೆಯದಿಂದಲೂ ಅವುಗಳನ್ನೇ ಅಧ್ಯಯನ ಮಾಡಿದ್ದರು. ನಿವೃತ್ತಿಯ ದಿನ ಅವುಗಳನ್ನು ಗಾಜಿನ ಬಟ್ಟಲಿನಲ್ಲಿ ಕೆರೆಗೆ ಒಯ್ದರು.

“ನಿಮ್ಮನ್ನು ಎಷ್ಟು ಸಲ ಕೊಯ್ದೆನೋ! ನನ್ನ ವಿದ್ಯೆಯೆಲ್ಲ ನಿಮ್ಮ ಮೈಯಿಂದಲೇ ಬಂತು. ಈ ಉಪಕಾರ ಮರೆಯಲಾರೆ,” ಎಂದು ಬಟ್ಟಲನ್ನು ಮೆಟ್ಟಿಲ ಮೇಲಿಟ್ಟು ಕೈಮುಗಿದರು.

ಅವರ ಬೆರಳು ಸುಕ್ಕುಗಟ್ಟಿರುವುದನ್ನು ಕಂಡು ಒಂದು ಹುಳು ಕೇಳಿತು: “ತಾಯಿ, ಈ ಕೈ ಮತ್ತೆ ಹೊಸದಾಗಿ ಬೆಳೆಯುವುದಿಲ್ಲವೇ?”

“ಇಲ್ಲ. ನಮ್ಮ ಹರೆಯ ಒಮ್ಮೆ ಹೋದರೆ ಹೋಯಿತು.”

“ನಾವು ಕೊಟ್ಟ ಮೈ ನಮಗೆ ಮರಳಿ ಬಂತು. ಮರಳಿ ಬಾರದ ಹರೆಯವನ್ನು ನೀವು ನಮ್ಮ ನೀರು ಬದಲಿಸುತ್ತ, ನಮಗೆ ಉಣಿಸುತ್ತ ಸವೆಸಿದಿರಿ. ಕೈಮುಗಿಯಬೇಕಾದವರು ನಾವು. ಆದರೆ ನಮಗೆ ಕೈಯಿಲ್ಲ.”

ಮಂದಾಕಿನಿ ನಕ್ಕು, ಬಟ್ಟಲನ್ನು ನೀರಿಗೆ ಬಗ್ಗಿಸಿದರು. ಹುಳುಗಳು ಅವರ ಬೆರಳುಗಳಿಗೆ ಒಂದು ಗಳಿಗೆ ಅಂಟಿಕೊಂಡಿದ್ದು, ಆಮೇಲೆ ಕೆರೆಯೊಳಗೆ ಹೋದವು.