ಕೋಲೂ ಚಿಟಿಕೆಯೂ

"ಗುರುಗಳೇ, ದನಿ ಒಂದು ಪದದ ಮೇಲಿದೆ, ಬಣ್ಣ ಇನ್ನೊಂದರ ಮೇಲಿದೆ. ಎಲ್ಲಿ ತಪ್ಪಿದೆ?" ಎಂದು ಗವಿಸಿದ್ದ ಕೇಳಿದ.

ಅವನ ಪ್ರೋಗ್ರಾಂ ಪಾಠವನ್ನು ಗಟ್ಟಿಯಾಗಿ ಓದುತ್ತಿತ್ತು. ಓದುತ್ತಿರುವ ಪದಕ್ಕೆ ಹಳದಿ ಬಣ್ಣ ಬರಬೇಕು. ಅಕ್ಷರ ಕಲಿಯುವ ದೊಡ್ಡವರಿಗೆಂದು ಮಾಡಿದ್ದು.

"ಪದ ಶುರುವಾದಾಗಲೆಲ್ಲ ದನಿಯೇ ಸೂಚನೆ ಕೊಡುತ್ತದಲ್ಲ?"

"ಕೊಡುತ್ತದೆ. ಅದಕ್ಕೆ ಯಾರು ಕಾಯುತ್ತಾರೆ? ಅಕ್ಷರಕ್ಕಿಷ್ಟು ಹೊತ್ತು ಎಂದು ನಾನೇ ಲೆಕ್ಕ ಕಟ್ಟಿದ್ದೇನೆ. ಲೆಕ್ಕ ಸರಿಯಾಗಿದೆ. ದನಿಯೇ ಅಲ್ಲಲ್ಲಿ ನಿಧಾನ."

"ಓಹೋ. ತಪ್ಪು ದನಿಯದು."

"ಹಾಗೇ ಕಾಣುತ್ತದೆ."

ಗುರುಗಳು ಹಣೆ ಚಚ್ಚಿಕೊಂಡರು. "ಕೂತುಕೋ, ಒಂದು ಕಥೆ ಕೇಳು" ಎಂದರು.

ಒಬ್ಬ ರೈತ ನಡುವಯಸ್ಸಿನಲ್ಲಿ ಓದು ಕಲಿಯಲು ಹೊರಟ. ಕಲಿಸುವವರು ಇಬ್ಬರು, ಅಣ್ಣ ಮತ್ತು ತಮ್ಮ. ಹಲಗೆಯ ಮೇಲೆ ಪದ್ಯ ಬರೆದಿತ್ತು. ಅಣ್ಣ ಹಾಡುತ್ತಿದ್ದ. ತಮ್ಮ ಪದಪದಕ್ಕೂ ಕೋಲು ಇಡುತ್ತಿದ್ದ.

ಪದ್ಯದಲ್ಲಿ ಮತ್ತೆ ಮತ್ತೆ ಹಾಡುವ ಒಂದು ಸಾಲಿತ್ತು: ಹೊಟ್ಟೆಗೆ ಕುಡಿಸು, ಹುಣ್ಣಿಗೆ ಹಚ್ಚು.

ಅಣ್ಣನಿಗೆ ರಾಗದ ಚಟ. 'ಹೊಟ್ಟೆಗೆ' ಎಂದು ಎಳೆಯುತ್ತಲೇ ಇರುತ್ತಿದ್ದ. ಕೋಲು ನಿಲ್ಲುತ್ತಿರಲಿಲ್ಲ. ಅವನು 'ಕುಡಿಸು' ಎನ್ನುವ ಹೊತ್ತಿಗೆ ಕೋಲು 'ಹಚ್ಚು' ಎಂಬಲ್ಲಿ ಇರುತ್ತಿತ್ತು. ಅವನು 'ಹಚ್ಚು' ಎನ್ನುವ ಹೊತ್ತಿಗೆ ಕೋಲು ಸಾಲಿನ ಮೊದಲಿಗೆ ಮರಳಿ 'ಕುಡಿಸು' ಎಂಬಲ್ಲಿ ಇರುತ್ತಿತ್ತು.

ರೈತ ಹೇಳಿದ: "ಅಯ್ಯಾ, ಬಾಯಿ ಅಲ್ಲಿ, ಕೋಲು ಇಲ್ಲಿ."

"ನಿನಗೆ ಅಕ್ಷರ ಬರುತ್ತದೋ ನನಗೆ ಬರುತ್ತದೋ? ಕೋಲು ನೋಡು" ಎಂದ ತಮ್ಮ.

ಅಣ್ಣ ಹೇಳಿದ: "ಪದ ಶುರುವಾದಾಗ ಚಿಟಿಕೆ ಹೊಡೆಯುತ್ತೇನೆ. ಆಗ ಕೋಲು ಸರಿಸು ಮಾರಾಯ."

"ಪದ್ಯ ನನಗೆ ಬಾಯಿಪಾಠ. ನಿನ್ನ ಚಿಟಿಕೆ ಯಾರಿಗೆ ಬೇಕು?"

ಅಣ್ಣ ದಿನವೂ ಚಿಟಿಕೆ ಹೊಡೆದ. ಕೋಲು ತನ್ನ ಪಾಡಿಗೆ ತಾನು ಹೋಯಿತು. ರೈತ ಕೋಲು ನೋಡಿ ಕಲಿತ.

ಆಮೇಲೆ ಅವನ ಎತ್ತಿಗೆ ಹೊಟ್ಟೆ ಉಬ್ಬರಿಸಿತು. ನೊಗ ಉಜ್ಜಿ ಹೆಗಲಲ್ಲಿ ಹುಣ್ಣೂ ಆಗಿತ್ತು. ಊರ ಪಂಡಿತ ಎರಡು ಕುಡಿಕೆ ಮದ್ದು ಕೊಟ್ಟ. ಒಂದರ ಮೇಲೆ 'ಕುಡಿಸು', ಇನ್ನೊಂದರ ಮೇಲೆ 'ಹಚ್ಚು' ಎಂದು ಬರೆದ. ಯಾವುದು ಯಾವುದೆಂದು ಹೇಳಲು ಬಾಯಿ ತೆರೆದ.

ರೈತ ನಕ್ಕ. "ಹೇಳಬೇಡಿ ಪಂಡಿತರೇ. ಈಗ ನನಗೆ ಓದಲು ಬರುತ್ತದೆ."

ಮನೆಗೆ ಬಂದ. ಎರಡೂ ಕುಡಿಕೆಗಳನ್ನು ಓದಿದ. ಒಂದನ್ನು ಹುಣ್ಣಿಗೆ ಹಚ್ಚಿದ. ಇನ್ನೊಂದನ್ನು ಬಿದಿರಿನ ಗೊಟ್ಟಕ್ಕೆ ಸುರಿದು, ಎತ್ತಿನ ಮೂತಿ ಎತ್ತಿ, ಗಂಟಲಿಗೆ ಹೊಯ್ದ.

ಮಧ್ಯಾಹ್ನದೊಳಗೆ ಎತ್ತು ಸತ್ತಿತು.

ಗುರುಗಳು ಮಾತು ನಿಲ್ಲಿಸಿದರು. ಗವಿಸಿದ್ದ ಕೇಳಿದ: "ಅಷ್ಟು ಚಿಟಿಕೆ ಹೊಡೆದರೂ... ತಮ್ಮ ಕಿವುಡನೇ?"

"ಇಲ್ಲ. ನಿನ್ನ ಹಾಗೆಯೇ, ಕಿವಿ ಚೆನ್ನಾಗಿತ್ತು."

ಗವಿಸಿದ್ದ ತಾನು ಕಟ್ಟಿದ್ದ ಲೆಕ್ಕವನ್ನು ಅಳಿಸಿದ.