ಗಣಪತಿಗೆ ಕಡುಬು, ಆನೆಗೆ ಕಂದಕ

"ಗುರುಗಳೇ, ಕಾಡಂಚಿನಲ್ಲಿ ನಮ್ಮ ಮಠದಿಂದ ಒಂದು ಆನೆಶಾಲೆ ಕಟ್ಟಿಸೋಣವೆಂದಿದ್ದೇನೆ. ತಬ್ಬಲಿ ಮರಿಗಳನ್ನು ಸಾಕಿದರೆ ಪುಣ್ಯವಲ್ಲವೇ?" ಎಂದು ಶಿಷ್ಯ ಶಂಭುಲಿಂಗ ಕೇಳಿದ.

ಗುರುಗಳು ಹುಬ್ಬು ಗಂಟಿಕ್ಕಿದರು. "ಮರಿಗಳು ತಬ್ಬಲಿಯಾಗುವುದು ಹೇಗೆ ಅಂತ ವಿಚಾರಿಸಿದೆಯಾ? ಇಲ್ಲ ತಾನೇ? ಕೂತು ಕೇಳು" ಎಂದು ಹೇಳತೊಡಗಿದರು.

ಒಬ್ಬ ವರ್ತಕ ಕಾಡಿಗೂ ಹೊಳೆಗೂ ನಡುವೆ ಜಮೀನು ಕೊಂಡ. ಬೇಸಿಗೆಯಲ್ಲಿ ಆನೆಗಳು ನೀರಿಗಿಳಿಯುವ ಹಾದಿ ಅದರೊಳಗೇ ಇತ್ತು. ಆನೆ ಬಾರದಂತೆ ಕಂದಕ ತೋಡಿಸಲು ಹೊರಟ. ಮಹಾ ದೈವಭಕ್ತ! ಕೆಲಸಕ್ಕೆ ವಿಘ್ನ ಬರಬಾರದೆಂದು ಮೊದಲು ಗಣಪತಿ ಪೂಜೆ ಮಾಡಿಸಿದ. ಆನೆಮುಖದ ದೇವರಿಗೆ ಗರಿಕೆ ಏರಿಸಿ, ಇಪ್ಪತ್ತೊಂದು ಕಡುಬು ನೈವೇದ್ಯ ಮಾಡಿ, ಅದೇ ಕೈಯಲ್ಲಿ ಆನೆಯ ದಾರಿಗೆ ಗುದ್ದಲಿ ಹಾಕಿದ. ಕಡುಬು ತಿಂದವರಲ್ಲಿ ಒಬ್ಬನಿಗಾದರೂ ನಾಚಿಕೆಯಾಗಬೇಡವೇ? ಆಗಲಿಲ್ಲ.

ಬೇಸಿಗೆ ಬಂತು. ನೀರಿಗೆ ಹೊರಟ ಹಿಂಡಿನ ಮರಿಯೊಂದು ಕಂದಕಕ್ಕೆ ಬಿತ್ತು. ತಾಯಿ ಅಲ್ಲೇ ನಿಂತಿತು. ಮರಿ ಹತ್ತಿ ಬರಲೆಂದು ಕಾಲಿನಿಂದ ಅಂಚಿನ ಮಣ್ಣು ಕೆಡವಿ ಇಳಿಜಾರು ಮಾಡತೊಡಗಿತು. ಜನ ಸೇರಿ ಕೂಗಿದರು, ಕಲ್ಲು ಹೊಡೆದರು. ತಾಯಿ ಅವರನ್ನು ಅಟ್ಟಿಸಿಕೊಂಡು ಬಂತು. ಅಷ್ಟೇ ಸಾಕಾಯಿತು, ಅದಕ್ಕೆ ಪುಂಡಾನೆ ಎಂದು ಹೆಸರಿಟ್ಟರು.

ಆನೆಯ ಜಾಡು ಬಲ್ಲ ಕಾಡಿನ ಮುದುಕನೊಬ್ಬ ವರ್ತಕನ ಬಳಿಗೆ ಓಡಿ ಬಂದ. "ಸ್ವಾಮೀ, ಅದು ಪುಂಡಾನೆಯಲ್ಲ, ಬಾಣಂತಿ. ಜನರನ್ನು ದೂರ ಕಳಿಸಿ. ಸ್ವಲ್ಪ ಹೊತ್ತು ಬಿಟ್ಟರೆ ಮರಿಯನ್ನು ಹತ್ತಿಸಿಕೊಂಡು ತಾನೇ ಹೋಗುತ್ತದೆ."

"ನನ್ನ ಕಂದಕ ಹಾಳಾಗುತ್ತಿದೆಯಲ್ಲೋ! ಪೂಜೆ ಮಾಡಿಸಿ ತೋಡಿಸಿದ್ದು ಅದು, ನಿನಗೇನು ಗೊತ್ತು?" ಎಂದು ವರ್ತಕ ಗದರಿದ.

ಸಾಕಾನೆಗಳನ್ನು ಕರೆಸಿದರು. ತಾಯಿಗೆ ಹಗ್ಗ ಹಾಕಿ ಎಳೆದೊಯ್ದು, ದೂರದ ಶಿಬಿರವೊಂದರಲ್ಲಿ ಸರಪಳಿಗೆ ಕಟ್ಟಿದರು. ಮರಿಯನ್ನು ಕಂದಕದಿಂದ ಮೇಲೆತ್ತಿಸಿ ವರ್ತಕ ತನ್ನಲ್ಲೇ ಇಟ್ಟುಕೊಂಡ. ಅದಕ್ಕೊಂದು ಆನೆಶಾಲೆ ಕಟ್ಟಿಸಿ, ಸೀಸೆಯಲ್ಲಿ ಹಾಲು ಕುಡಿಸಿದ. ಊರವರು ಅವನಿಗೆ ಶಾಲು ಹೊದಿಸಿ 'ಗಜರಕ್ಷಕ' ಎಂಬ ಬಿರುದು ಕೊಟ್ಟರು. ಥೂ! ಕಂದಕವನ್ನು ಮಾತ್ರ ಯಾರೂ ಮುಚ್ಚಲಿಲ್ಲ.

ಗುರುಗಳು ಮಾತು ನಿಲ್ಲಿಸಿದರು. ಶಂಭುಲಿಂಗ ಅಳುಕುತ್ತಲೇ, "ಆದರೂ ಗುರುಗಳೇ, ಮರಿಯನ್ನು ಸಾಕಿದನಲ್ಲ, ಅಷ್ಟು ಪುಣ್ಯವಾದರೂ ಅವನಿಗೆ ಬರಲಿಲ್ಲವೇ?" ಎಂದ.

"ತಾಯಿಯನ್ನು ಸರಪಳಿಗೆ ಕಟ್ಟಿಸಿ ಮರಿಗೆ ಸೀಸೆಹಾಲು ಕುಡಿಸಿದವನಿಗೆ ಪುಣ್ಯ ಕೊಡುವ ದೇವರು ಯಾರಯ್ಯಾ, ಹೆಸರು ಹೇಳು ನೋಡೋಣ."