ಚುಕ್ಕಿ ಕೆದಕಿದ ಗುಂಡಿ

ಕಾಡಿಗೆ ಅಂಟಿಕೊಂಡಿದ್ದ ಒಂದು ತೋಟದಲ್ಲಿ ಪುಟ್ಟನಂಜಮ್ಮ ಎಂಬ ಹೆಂಗಸು ಕೋಳಿ ಸಾಕುತ್ತಿದ್ದಳು. ಅವಳ ಹಿತ್ತಿಲಲ್ಲಿ ಇದ್ದದ್ದು ಒಂದೇ ಕೋಳಿಮನೆ. ಮೊಟ್ಟೆಯಿಡುವ ನಾಟಿ ಕೋಳಿಗಳು ಅದರೊಳಗೆ ಬಿದಿರಿನ ಗಳದ ಮೇಲೆ ಮಲಗುತ್ತಿದ್ದವು. ಅವುಗಳಲ್ಲಿ ಚುಕ್ಕಿಯೇ ಹಿರಿಯಳು.

ಒಮ್ಮೆ ಪುಟ್ಟನಂಜಮ್ಮ ಮಾಂಸಕ್ಕೆಂದು ಬಿಳಿ ಮರಿಗಳನ್ನು ತಂದು ಅದೇ ಮನೆಗೆ ಬಿಟ್ಟಳು. ಅವು ಬೇಗ ಬೇಗ ದಪ್ಪಗಾದವು. ಗಳ ಹತ್ತಲು ಅವುಗಳಿಗೆ ಆಗುತ್ತಿರಲಿಲ್ಲ. ನೆಲದ ಹೊಟ್ಟಿನ ಮೇಲೆಯೇ ಮಲಗುತ್ತಿದ್ದವು. ನುಚ್ಚು ಹಾಕಿದೊಡನೆ ಮುತ್ತಿಕೊಳ್ಳುತ್ತಿದ್ದವು, ನೀರಿನ ಬಟ್ಟಲು ಉರುಳಿಸಿ ನೆಲವೆಲ್ಲ ಒದ್ದೆ ಮಾಡುತ್ತಿದ್ದವು. ಚುಕ್ಕಿಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಬೇಲಿಯಾಚೆಯಿಂದ ಕಾಡುಬೆಕ್ಕು ಮೆಲ್ಲಗೆ ಕರೆಯಿತು. "ಏನು ತಂಗೀ, ಮುಖ ಬಾಡಿದೆ?"

"ಆ ಬಿಳಿಯವು ಬಂದ ಮೇಲೆ ನಮಗೆ ಜಾಗವೇ ಇಲ್ಲ" ಎಂದಿತು ಚುಕ್ಕಿ.

"ಅಷ್ಟೇನಾ? ಗೋಡೆ ಬುಡದಲ್ಲಿ ಒಳಗಿಂದ ಸ್ವಲ್ಪ ಮಣ್ಣು ಕೆದಕಿಡು. ನಾನು ಬಂದು ಅವನ್ನು ಕೊಂಡೊಯ್ಯುತ್ತೇನೆ. ಹೇಗೂ ಸಾರಿನ ಪಾತ್ರೆಗೆ ಹೋಗುವ ಕೋಳಿಗಳು. ನಿನಗೇನು ನಷ್ಟ? ಮೇಲೆ ಗಳದಲ್ಲಿರುವ ನಿಮ್ಮ ತಂಟೆಗೆ ನಾನು ಬರುವುದಿಲ್ಲ."

ಚುಕ್ಕಿ ಒಪ್ಪಿತು. ಗೋಡೆಯ ಬುಡ ಕೆದಕಿ ಗುಂಡಿ ಮಾಡಿತು.

ಮುಸ್ಸಂಜೆಗೆ ಗುಂಡ ಎಂಬ ಬಿಳಿ ಕೋಳಿ ಕತ್ತೆತ್ತಿ ಕೇಳಿತು, "ಅಕ್ಕಾ, ಇಲ್ಲಿ ಚಳಿಗಾಳಿ ಬರ್ತಿದೆ. ನೀನು ಬೆಚ್ಚಗಿದ್ದೀಯಾ?"

"ಸುಮ್ಮನೆ ಮಲಗು" ಎಂದು ಗದರಿದ ಚುಕ್ಕಿಗೆ ಯಾಕೋ ಎದೆ ಚುರುಕ್ಕೆಂದಿತು. ಕೆಳಗಿಳಿದು ಗುಂಡಿ ಮುಚ್ಚಿಬಿಡೋಣ ಎಂದುಕೊಂಡಿತು. ಅಷ್ಟರಲ್ಲಿ ಕಾಡುಬೆಕ್ಕು ನುಸುಳಿ ಒಳಗೆ ಬಂದೇಬಿಟ್ಟಿತು.

ಅದು ಬಿಳಿ ಕೋಳಿಗಳತ್ತ ನೋಡಲೂ ಇಲ್ಲ. ಗಳಕ್ಕೆ ನೆಗೆದು ಚುಕ್ಕಿಯನ್ನು ನೆಲಕ್ಕೆ ಕೆಡವಿ ಪಂಜದಡಿ ಒತ್ತಿ ಹಿಡಿಯಿತು.

"ನಮ್ಮ ತಂಟೆಗೆ ಬರುವುದಿಲ್ಲ ಅಂದಿದ್ದೆಯಲ್ಲ!" ಎಂದು ಚುಕ್ಕಿ ಅರಚಿತು.

"ಅವು ಎಲ್ಲಿಗೆ ಓಡುತ್ತವೆ? ನಾಳೆಗೂ ಇಲ್ಲೇ ಇರುತ್ತವೆ. ಹಾರುವವಳನ್ನು ಮೊದಲು ಹಿಡಿಯಬೇಕು" ಎಂದು ಬೆಕ್ಕು ನಕ್ಕಿತು.

"ಅಯ್ಯೋ, ಅಕ್ಕನನ್ನು ಹಿಡಿಯಿತು!" ಎಂದು ಗುಂಡ ಕಿರುಚಿತು. ಬಿಳಿ ಕೋಳಿಗಳೆಲ್ಲ ಕೂಗತೊಡಗಿದವು. ಆ ಗಲಾಟೆಗೆ ಪುಟ್ಟನಂಜಮ್ಮ ದೊಣ್ಣೆ ಹಿಡಿದು ಓಡಿಬಂದಳು. ಬೆಕ್ಕು ಚುಕ್ಕಿಯನ್ನು ಬಿಟ್ಟು ಗುಂಡಿಯತ್ತ ಹಾರಿತು. ಆದರೆ ಗುಂಡ ಅಷ್ಟು ಹೊತ್ತಿಗೆ ತನ್ನ ದಪ್ಪ ಮೈಯನ್ನು ಗುಂಡಿಯೊಳಗೆ ತುರುಕಿ, ಕಣ್ಣು ಮುಚ್ಚಿ ಕೂತುಬಿಟ್ಟಿತ್ತು! ದಾರಿ ಕಾಣದ ಬೆಕ್ಕಿನ ಬೆನ್ನಿಗೆ ಏಟಿನ ಮೇಲೆ ಏಟು ಬಿತ್ತು. ಕೊನೆಗೆ ಬಾಗಿಲಿನಿಂದ ಹೇಗೋ ತಪ್ಪಿಸಿಕೊಂಡು ಕುಂಟುತ್ತಾ ಕಾಡಿಗೆ ಓಡಿತು. ಮತ್ತೆ ಅತ್ತ ಸುಳಿಯಲಿಲ್ಲ.

"ಆ ಗುಂಡಿ ತೋಡಿದ್ದು ನಾನೇ ಕಣೋ" ಎಂದು ಚುಕ್ಕಿ ಅಳುತ್ತಾ ಹೇಳಿತು.

ಗುಂಡ ಗುಂಡಿಯಿಂದ ಹೊರಬಂದು ಅದರ ಪಕ್ಕಕ್ಕೆ ಬಂದು ಕೂತು, "ನಿನಗೆ ತುಂಬಾ ನೋವಾಯಿತಾ ಅಕ್ಕಾ?" ಎಂದು ಕೇಳಿತು.

ಬೆಳಗಾದ ಮೇಲೆ ಪುಟ್ಟನಂಜಮ್ಮ ಗೋಡೆಯ ಬುಡಕ್ಕೆ ಕಲ್ಲು ಹೂಳಿ, ತಂತಿಬಲೆ ಬಿಗಿದಳು. ಬಿಳಿ ಕೋಳಿಗಳಿಗೆ ಪಕ್ಕದಲ್ಲೇ ಅಗಲವಾದ ಇನ್ನೊಂದು ಕೋಣೆ ಕಟ್ಟಿ ಒಣ ಹೊಟ್ಟು ಹರಡಿದಳು. ಚುಕ್ಕಿ ದಿನವೂ ಬಲೆಯ ಪಕ್ಕ ಬಂದು ಗುಂಡನೊಡನೆ ಮಾತಾಡುತ್ತಾ ಕೂರುತ್ತಿತ್ತು. ಇರುವಷ್ಟು ದಿನ ಆ ಬಿಳಿ ಕೋಳಿಗಳು ನೆಮ್ಮದಿಯಾಗಿರಲಿ ಎಂಬುದಷ್ಟೇ ಅದರ ಆಸೆಯಾಗಿತ್ತು.

ನೀತಿ: ಒಂದೇ ಸೂರಿನಡಿ ಇರುವವರ ಮೇಲಿನ ಸಿಟ್ಟಿಗೆ ಹೊರಗಿನ ಶತ್ರುವನ್ನು ಒಳಗೆ ಕರೆಯಬಾರದು, ಅವನು ಯಾರನ್ನೂ ಉಳಿಸುವುದಿಲ್ಲ.